ಹದಿನೇಳನೆಯವಳ ಸಮಾಧಾನ

ಆ ಮುಂಜಾನೆ ಎಕ್ಕಿಹಾಳದ ಮೇಲೆ ಬಿದ್ದಿದ್ದ ಮಂಜು ಎಂಥದೆಂದರೆ, ಏತ ನೀರಾವರಿಯ ಕಾಲುವೆ ಎಲ್ಲಿ ಮುಗಿಯಿತು, ತೊಗರಿ ಹೊಲ ಎಲ್ಲಿ ಶುರುವಾಯಿತು ಎನ್ನುವುದು ದಿನಾ ಅದೇ ದಾರಿ ತುಳಿಯುವ ಎಮ್ಮೆಗಳಿಗೂ ತಿಳಿಯುತ್ತಿರಲಿಲ್ಲ. ಹೂವಿಗೆ ಬಂದ ತೊಗರಿಗೆ ಮಂಜು ಒಳ್ಳೆಯದಲ್ಲ. ಆದರೆ ದೇವರು ಯಾವುದನ್ನೂ ಸುಮ್ಮನೆ ಮಾಡುವವನಲ್ಲ. ಆ ಮಂಜಿನ ದಯೆಯಿಂದ, ಕರೀ ಕಲ್ಲು ಹೇರಿಕೊಂಡ ಟ್ರ್ಯಾಕ್ಟರು ಊರಬಾಗಿಲ ಅಗಸಿಯ ಮುಂದೆ ಬಂದು ನಿಲ್ಲುವವರೆಗೂ ಅದರ ಮೇಲೆ ಏನು ಕೆತ್ತಿದೆ ಎಂದು ಯಾರಿಗೂ ಓದಲಾಗಲಿಲ್ಲ. ಅಷ್ಟು ಹೊತ್ತು ಊರು ನೆಮ್ಮದಿಯಿಂದಿತ್ತು.

ಊರಿನ ಹೆಸರು ಎಕ್ಕಿಹಾಳವೇ ಆದರೂ ಅಗಸಿಯ ಬೋರ್ಡಿನ ಮೇಲೆ 'ಪುಸ್ತಕದ ಶಾಂತಿಪುರಕ್ಕೆ ಸುಸ್ವಾಗತ' ಎಂದು ಬರೆದಿದೆ. ನಲವತ್ತೆಂಟು ವರ್ಷದ ಹಿಂದೆ ಡಾ. ಕನಕಲತಾ ಎಂಬ ಸಮಾಜಶಾಸ್ತ್ರಜ್ಞೆ ಮೈಸೂರಿನಿಂದ ಬಂದು, ಬಸವನ ಬಾಗೇವಾಡಿಯಲ್ಲಿ ಬಸ್ಸಿಳಿದು, ಮಸೂತಿ ಊರಿನ ತನಕ ಚಕ್ಕಡಿ ಹತ್ತಿ, ಅಲ್ಲಿಂದ ನಡೆದು, ಈ ಊರಿನಲ್ಲಿ ಎಂಟು ತಿಂಗಳು ಇದ್ದರು. ಅವರಿಗಿಂತ ಮೊದಲಿನ ವಿದ್ವಾಂಸರು ಜಾತಿಯನ್ನು ಗ್ರಂಥಾಲಯದಲ್ಲಿ ಕುಳಿತು, ಶ್ಲೋಕದ ಬಲದಿಂದ ತಿಳಿದುಕೊಳ್ಳುತ್ತಿದ್ದರು. ಈ ತಾಯಿ ಹಾಗಲ್ಲ. ದರ್ಜಿಯವರ ಟೇಪು ಹಿಡಿದುಕೊಂಡು ಬಾವಿಗೆ ಹೋದರು. ಯಾವ ಜಾತಿಯ ಹೆಣ್ಣುಮಗಳು ಬಾವಿಕಟ್ಟೆಯಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂದು ಅಳೆದು ಬರೆದುಕೊಂಡರು. ದೂರವನ್ನು ಅಳೆಯಬಹುದು ಎನ್ನುವುದು ಆವರೆಗೆ ಯಾರಿಗೂ ಹೊಳೆದಿರಲಿಲ್ಲ. ದೂರ ನಿಂತವರಿಗೆ ಬಿಟ್ಟು.

ಊರಿನ ಮಾನ ಹೋಗಬಾರದೆಂದು ಪುಸ್ತಕದಲ್ಲಿ ಅವರು ಊರಿಗೆ 'ಶಾಂತಿಪುರ' ಎಂಬ ಸುಳ್ಳು ಹೆಸರು ಕೊಟ್ಟರು. ಪುಸ್ತಕ ದೇಶವಿದೇಶದಲ್ಲಿ ಹೆಸರು ಮಾಡಿದ ಮೇಲೆ ಪಂಚಾಯ್ತಿಯವರು ಠರಾವು ಪಾಸು ಮಾಡಿ, ಗುಟ್ಟಾಗಿಟ್ಟ ಆ ಹೆಸರನ್ನು ಎರಡಾಳೆತ್ತರದ ಬೋರ್ಡಿನ ಮೇಲೆ ಬರೆಸಿದರು. ಜನರ ಗುಟ್ಟನ್ನೂ ಲೇಖಕಿ ಕಾಪಾಡಿದ್ದರು. ಅರವತ್ತನಾಲ್ಕು ಮಂದಿ ಮಾಹಿತಿದಾರರು, ಅರವತ್ತನಾಲ್ಕು ಸಂಖ್ಯೆಗಳು, ಒಬ್ಬರದೂ ಹೆಸರಿಲ್ಲ. ಹೆಸರು ಬಂದದ್ದು ಕೃತಜ್ಞತೆಯ ಪುಟದಲ್ಲಿ ಮಾತ್ರ. ತಮ್ಮ ದೊಡ್ಡ ಮನೆಯಾದ ವಾಡೆಯಲ್ಲಿ ಉಳಿಯಲು ಜಾಗ ಕೊಟ್ಟ ಪಾಂಡುರಂಗರಾಯರು, ಅವರ ಮಡದಿ, ಇಲ್ಲಿಯ ಮಾತನ್ನು ಮೈಸೂರಿನ ಕಿವಿಗೆ ತಿಳಿಯುವಂತೆ ಬಿಡಿಸಿ ಹೇಳಿದ ಸೊಸೆ ರಂಗೂಬಾಯಿ, ಮತ್ತು ಎಂಟು ತಿಂಗಳು ತಪ್ಪದೆ ಹಾಲು ಕೊಟ್ಟ ಗೌರಿ ಎಂಬ ಆಕಳು.

ಆ ಪುಸ್ತಕದ ಪ್ರಾಣವಿರುವುದು ಒಂದು ವಾಕ್ಯದಲ್ಲಿ. ಬಾವಿಯಿಂದ ಹನ್ನೊಂದು ಹೆಜ್ಜೆ ದೂರ ನಿಲ್ಲುತ್ತಿದ್ದ ಹದಿನೇಳನೆಯ ಮಾಹಿತಿದಾರಳು ಹೇಳಿದ್ದು. ಅದರ ಮೇಲೆ ಕನಕಲತಾ ಅವರು 'ಸಮ್ಮತಿಯ ಮೆಟ್ಟಿಲು' ಎಂಬ ಸಿದ್ಧಾಂತ ಕಟ್ಟಿದರು. ಜಾತಿ ಮೇಲಿನವರ ಬಲದಿಂದಷ್ಟೇ ನಿಂತಿಲ್ಲ, ಕೆಳಗಿನವರ ಒಪ್ಪಿಗೆಯಿಂದಲೂ ನಿಂತಿದೆ ಎಂಬುದು ಅದರ ಸಾರ. ಅದನ್ನು ಒಪ್ಪಿ ನಾನೂರು, ಒಪ್ಪದೆ ನಾನೂರು ಪ್ರಬಂಧಗಳು ಬಂದವು. ಈಚೆಗೆ ಜಾತಿ ಸಮೀಕ್ಷೆಯ ಗದ್ದಲ ಎದ್ದಾಗಲಂತೂ ಟಿವಿಯಲ್ಲಿ ದಿನಾ ಹದಿನೇಳನೆಯವಳದೇ ಮಾತು. ಒಬ್ಬರು, "ನೋಡಿ, ಅವರಿಗೇ ಸಮಾಧಾನವಿದೆ, ನಿಮಗೇನು?" ಎನ್ನುವರು. ಇನ್ನೊಬ್ಬರು, "ನೋಡಿ, ಗುಲಾಮಗಿರಿ ಮನಸ್ಸಿನೊಳಗೇ ಇಳಿದಿದೆ" ಎನ್ನುವರು. ಹದಿನೇಳನೆಯವಳು ಬದುಕಿದ್ದಾಳೋ ಇಲ್ಲವೋ ಎಂದು ಕೇಳುವಷ್ಟು ಪುರುಸೊತ್ತು ಎರಡೂ ಕಡೆಯವರಿಗೆ ಇರಲಿಲ್ಲ.

ಅವಳು ಬದುಕಿದ್ದಳು. ಹೆಸರು ಗುಂಡವ್ವ, ವಯಸ್ಸು ಎಪ್ಪತ್ತೆಂಟರ ಆಸುಪಾಸು. ಆ ಹೊತ್ತಿಗೆ ಹಿಟ್ಟಿನ ಗಿರಣಿಗೆ ಜೋಳ ಹೊತ್ತುಕೊಂಡು ಅಗಸಿಯ ಹಾದಿಯಲ್ಲೇ ಬಂದಳು.

"ಆಯೀ, ಬಾ ಬಾ," ಎಂದು ಪಂಚಾಯ್ತಿ ಮೆಂಬರು ಸೋಮನಿಂಗ ಟ್ರ್ಯಾಕ್ಟರಿನ ಮೇಲಿಂದಲೇ ಕೂಗಿದ. "ನಿನ್ನ ಮಾತ ಕಲ್ಲಾಗ ಕೆತ್ಸೇವಿ ನೋಡು. ಮೊದಲ ರಾಜಾರದಷ್ಟ ಕೆತ್ತಸ್ತಿದ್ರು, ಈಗ ನಿಂದು. ನಾಳಿ ಉದ್ಘಾಟನಾ!"

"ನಂದೇನ ಕೆತ್ಸೀರಿ?"

"ನೀ ಹೇಳಿದ್ದು."

"ನಾ ದಿನಾ ಏನರೆ ಹೇಳ್ತಿರ್ತೇನಿ. ಯಾವುದು?"

ಸೋಮನಿಂಗ ಹೆಗಲ ಮೇಲಿನ ವಸ್ತ್ರದಿಂದ ಕಲ್ಲಿನ ಮೇಲಿನ ಹನಿ ಒರೆಸಿ, ಸಾಲಿ ಹುಡುಗನಂತೆ ದೊಡ್ಡ ದನಿಯಲ್ಲಿ ಓದಿದ: "ನಮ್ಮ ಪಾಲಿಗೆ ಬಂದದ್ದರಲ್ಲಿ ನಮಗೆ ಸಮಾಧಾನವಿದೆ. ಮಾಹಿತಿದಾರರು ಹದಿನೇಳು."

ಗುಂಡವ್ವ ಜೋಳದ ಚೀಲ ಕೆಳಗಿಳಿಸಿದಳು. "ಇನ್ನೊಮ್ಮೆ ಓದು."

ಅವನು ಇನ್ನೊಮ್ಮೆ ಓದಿದ.

"ಇದ ಯಾರ ಮಾತು?"

"ನಿಂದ ಅಲ್ಲೇನ? ಪುಸ್ತಕದಾಗ ಹದಿನೇಳು ಅಂದ್ರ ನೀನ. ಇಡೀ ಊರಿಗೆ ಗೊತ್ತೈತಿ."

"ಹದಿನೇಳು ಅಂದ್ರ ನಾನ ಇರಬಹುದು. ಈ ಮಾತ ನಂದಲ್ಲ. ನಾ ಅಂದಿಲ್ಲ."

ಟ್ರ್ಯಾಕ್ಟರಿನ ಮೋದಿನಸಾಬನಿಗೆ ತಾಳಿಕೋಟೆಗೆ ಇನ್ನೊಂದು ಬಾಡಿಗೆ ಇತ್ತು. "ಅಂದಿಲ್ಲಂದ್ರ ಈಗರೆ ಅಂದಬಿಡ ಬೇ," ಎಂದ. "ಕಲ್ಲ ಇಳಸೂದೈತಿ."

ಸೋಮನಿಂಗ ನಕ್ಕ. ಗುಂಡವ್ವ ನಗಲಿಲ್ಲ. ಪುಸ್ತಕದಲ್ಲಿ ತಾನಿದ್ದೇನೆ ಎಂದು ನಲವತ್ತು ವರ್ಷದಿಂದ ಅವಳು ಸಂತೋಷದಿಂದಲೇ ಇದ್ದಳು. ಪರದೇಶದವರು ಬಂದು ಅವಳ ಜೊತೆ ಫೋಟೋ ಹಿಡಿಸಿಕೊಂಡು ಹೋಗಿದ್ದರು. ಆ ಪುಸ್ತಕದಲ್ಲಿ ಅವಳು ಏನು ಹೇಳಿದ್ದಾಳೆ ಎಂದು ಅವಳಿಗೇ ಓದಿ ಹೇಳಬೇಕೆಂದು ಮಾತ್ರ ಈ ಮುಂಜಾನೆಯವರೆಗೆ ಯಾರಿಗೂ ಅನ್ನಿಸಿರಲಿಲ್ಲ.

ಅನ್ನಿಸಬೇಕಾದವಳು ಒಬ್ಬಳಿದ್ದಳು. ಮೊಮ್ಮಗಳು ಸಂಘಮಿತ್ರಾ, ಮುದ್ದೇಬಿಹಾಳದ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ವರ್ಷಕ್ಕೆ ಎಂಟು ತಿಂಗಳು ಕೆಲಸ, ನಾಲ್ಕು ತಿಂಗಳು ಬರೀ ಅತಿಥಿ. ಆರು ವರ್ಷದಿಂದ ಅವಳು ಮಕ್ಕಳಿಗೆ ಕಲಿಸುತ್ತ ಬಂದ ಪ್ರಶ್ನೆ ಇದು: 'ಸಮ್ಮತಿಯ ಮೆಟ್ಟಿಲು ಎಂದರೇನು? ಹದಿನೇಳನೆಯ ಮಾಹಿತಿದಾರರ ಹೇಳಿಕೆಯ ಆಧಾರದಿಂದ ವಿವರಿಸಿ. ಐದು ಅಂಕ.' ಆ ಹದಿನೇಳನೆಯವಳು ತನ್ನ ಆಯಿ ಎಂದು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಉದ್ಘಾಟನೆಗೆಂದು ಆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದವಳನ್ನು ಗುಂಡವ್ವ ಹೊಸ್ತಿಲಲ್ಲೇ ಹಿಡಿದಳು.

"ನಿನಗ ಗೊತ್ತಿತ್ತೇನ ಸಂಘೂ, ನನ್ನ ಹೆಸರಲೆ ಏನ ಬರದಾರ ಅಂತ?"

ಸಂಘಮಿತ್ರಾ ಚಪ್ಪಲಿ ಬಿಚ್ಚುತ್ತ ತಲೆ ತಗ್ಗಿಸಿದಳು. "ಗೊತ್ತಿತ್ತು ಆಯಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀ ಹಂಗ ಅಂದಿ ಅಂತ ನಾನೂ ನಂಬಿದ್ದೆ. ಆವಾಗಿನ ಕಾಲ, ಏನ ಮಾಡ್ತಾಳ ಪಾಪ ಅಂತ…" ಉಳಿದದ್ದನ್ನು ಅವಳು ನುಂಗಿದಳು. ಆರು ವರ್ಷದಿಂದ ಆಯಿಯ ಮೇಲೆ ಅವಳಿಗೆ ಒಳಗೊಳಗೇ ಸಿಟ್ಟಿತ್ತು. ಸಿಟ್ಟಿಗೆ ಅವಳು ಪಾಪ ಎಂದು ಹೆಸರಿಟ್ಟುಕೊಂಡಿದ್ದಳು.

"ಪಾಪ ಅಂದಿ!" ಗುಂಡವ್ವ ಗೋಡೆಗೆ ಒರಗಿ ಕುಳಿತಳು. "ಊರಾಗಿನವರು ನಂಬಿದ್ರು, ಹೋಗ್ಲಿ. ಟಿವ್ಯಾಗಿನವರು ನಂಬಿದ್ರು, ಅವರ ಹೊಟ್ಟಿಪಾಡು. ನೀನೂ ನಂಬಿದೆಲ್ಲ ಯವ್ವಾ. ಮೂವತ್ತ ವರ್ಷ ನನ್ನ ಬಾಯಿ ಕೇಳಿ ಬೆಳದಾಕಿ. ಈ ಬಾಯಿಗೆ ಎಂದರೆ ಸಮಾಧಾನ ಇತ್ತೇನ?"

ಸಂಘಮಿತ್ರಾಗೆ ನಗು, ಅಳು ಕೂಡಿಯೇ ಬಂದವು. ಆ ಬಾಯಿ ಊರಿಗೇ ಗೊತ್ತಿದ್ದ ಬಾಯಿ. ರೇಷನ್ ಅಂಗಡಿಯವನು ತೂಕ ಹಾಕುವಾಗ ಗುಂಡವ್ವನನ್ನು ಕಂಡರೆ ಒಂದು ಹಿಡಿ ಹೆಚ್ಚಿಗೇ ಹಾಕುತ್ತಿದ್ದ. "ಮತ್ತ ಏನಂದಿದ್ದಿ ಆಯಿ ಆವತ್ತು?"

"ಅದ ನೆನಪಿಲ್ಲ," ಎಂದಳು ಗುಂಡವ್ವ. "ಬಿಸಲಿತ್ತು. ಅಂಗಾಲ ಸುಡತಿತ್ತು. ಏನೋ ಅಂದೆ. ಅಂದ ಕೂಡಲೇ ವಾಡೇದ ಆ ಸಣ್ಣ ಸೊಸಿ ಗಕ್ಕನ ನನ್ನ ಮಾರಿ ನೋಡಿದ್ಳು. ಅಷ್ಟ ನೆನಪೈತಿ. ಮಾತ ಹೋಗೇತಿ. ಆದ್ರ ಇದಂತೂ ಅಲ್ಲ. ನಂದಲ್ಲದ ಮಾತ ಕಲ್ಲಾಗ ಕೆತ್ತಿಸಿ ಹೋದ್ರ, ನಾ ಸತ್ತ ಮ್ಯಾಲ ನಿನ್ನ ಮಕ್ಕಳು ಓದ್ತಾರ. ನಮ್ಮ ಮುತ್ತಜ್ಜಿ ಸಮಾಧಾನದಾಕಿ ಇದ್ಳು ಅಂತಾರ. ಆ ಹೆಸರ ಹೊತ್ಕೊಂಡು ನಾ ಹೋಗಾಕಿ ಅಲ್ಲ."

ಸಂಘಮಿತ್ರಾ ಚಪ್ಪಲಿ ಮತ್ತೆ ಮೆಟ್ಟಿಕೊಂಡು ವಾಡೆಗೆ ಹೋದಳು.

ಅಲ್ಲಿ ಪ್ರೊಫೆಸರ್ ಶ್ರೀವಲ್ಲಭ ಮರುದಿನದ ಭಾಷಣಕ್ಕೆ ಕೊನೆಯ ಕೈ ಹಚ್ಚುತ್ತಿದ್ದರು. ಪಾಂಡುರಂಗರಾಯರ ಮೊಮ್ಮಗ, ರಂಗೂಬಾಯಿಯ ಮಗ, ಕನಕಲತಾ ಸ್ಮಾರಕ ಪ್ರತಿಷ್ಠಾನದ ಅಧ್ಯಕ್ಷರು. ಗುರುಗಳಾದ ಕನಕಲತಾ ತೀರಿಕೊಂಡ ಮೇಲೆ ಶಾಂತಿಪುರದ ಬಗ್ಗೆ ಜಗತ್ತಿನಲ್ಲಿ ಯಾರೇ ಮಾತಾಡಲಿ, ಅವರನ್ನು ಕೇಳಿಯೇ ಮಾತಾಡಬೇಕು. ಕೇರಿಯ ಹುಡುಗಿಯನ್ನು ಅವರು ಪಡಸಾಲೆಗೆ ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿದರು. ಆ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ.

"ಕುಡೀರಿ, ಕುಡೀರಿ," ಎಂದರು. "ಹೇಳ್ರಿ, ಏನ ಅಂತಾರ ನಿಮ್ಮ ಆಯಿ? ನಾಳೆ ಸ್ಟೇಜಿನ ಮ್ಯಾಲೆ ಅವರಿಗೆ ಶಾಲು ಹೊದಿಸೋದದ."

"ಸರ್, ಆ ವಾಕ್ಯ ತಾ ಅಂದಿಲ್ಲ ಅಂತಾಳ್ರಿ."

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. "ಮತ್ತ ಏನ ಅಂದಿದ್ರಂತ?"

"ಅದ ನೆನಪಿಲ್ಲಂತ್ರಿ."

"ನೋಡ್ರಿ," ಅವರ ದನಿಯಲ್ಲಿ ಕಹಿ ಇರಲಿಲ್ಲ. ರೋಗಿಗೆ ಪಥ್ಯ ಹೇಳುವ ವೈದ್ಯರ ಮೃದುತ್ವವಿತ್ತು. "ನೀವೂ ಶಾಸ್ತ್ರ ಓದಿದವರು. ಪುಸ್ತಕದಾಗ ಇರೋದು ಡೇಟಾ. ನಿಮ್ಮ ಆಯಿ ಹೇಳ್ಲಿಕ್ಹತ್ತಿದ್ದು ನೆನಪು, ಅದೂ ನೆನಪಿಲ್ಲದ ನೆನಪು. ಇನ್ನ ಹದಿನೇಳು ಅಂದ್ರ ಅವರೇ ಅನ್ನಲಿಕ್ಕೆ ಪುರಾವೆ ಏನದ? ಮಾಹಿತಿದಾರರ ಗುಟ್ಟು ನಾವು ಬಿಟ್ಟುಕೊಡೋ ಹಂಗಿಲ್ಲ."

"ಸರ್, ಹದಿನೇಳು ಅಂತನ ಅಲ್ರಿ ನೀವು ನಾಳೆ ಶಾಲ ಹೊದಸೂದು?"

"ಶಾಲು ಗೌರವ. ಅದಕ್ಕ ಪುರಾವೆ ಬೇಕಾಗಿಲ್ಲ."

ಒಳಗಿನ ದೇವರಮನೆಯ ಬಾಗಿಲಲ್ಲಿ ತುಳಸೀಮಣಿ ಎಣಿಸುತ್ತ ಕುಳಿತಿದ್ದ ರಂಗೂಬಾಯಿಯ ಬೆರಳು ಒಂದು ಮಣಿಯ ಮೇಲೆ ನಿಂತುಬಿಟ್ಟಿತು. ಹೊರಗಿನವರಿಬ್ಬರೂ ಅದನ್ನು ನೋಡಲಿಲ್ಲ. ಸಂಘಮಿತ್ರಾ ಚಹಾ ಮುಟ್ಟದೆ ಎದ್ದಳು. ಆ ಚಹಾ ಉಳಿದದ್ದರ ಬಗ್ಗೆ ಪ್ರೊಫೆಸರರು ಮುಂದೆ ಒಂದು ಅಡಿಟಿಪ್ಪಣಿ ಬರೆದರೂ ಬರೆಯಬಹುದು.

ಮರುದಿನ ಸಮಾರಂಭಕ್ಕೆ ಕೊರತೆ ಏನೂ ಇರಲಿಲ್ಲ. ವಿಷಯ 'ದನಿಯಿಲ್ಲದವರ ದನಿ'; ಒಂಬತ್ತು ಮಂದಿ ಭಾಷಣಕಾರರು. ಆಮಂತ್ರಣ ಪತ್ರಿಕೆಯ ಹತ್ತನೆಯ ಸಾಲಿನಲ್ಲಿ 'ಶ್ರೀಮತಿ ಗುಂಡವ್ವ ಅವರಿಗೆ ಸನ್ಮಾನ', ಅದರ ಪಕ್ಕದಲ್ಲಿ 'ಸಮಯದ ಅಭಾವದಿಂದ ಸನ್ಮಾನಿತರ ಮಾತು ಇರುವುದಿಲ್ಲ' ಎಂದಿತ್ತು. ಇಂಡಿ ತಾಲೂಕಿನಿಂದ ಒಂದು ಪಕ್ಷದ ವಕ್ತಾರರು ಬಂದಿದ್ದರು, ಸಿಂದಗಿಯಿಂದ ಇನ್ನೊಂದು ಪಕ್ಷದವರು. ಸಮಾಧಾನ ಎಂಬ ಒಂದೇ ಶಬ್ದಕ್ಕಾಗಿ ಒಬ್ಬರು ಮುಕ್ಕಾಲು ತಾಸು ಹರ್ಷಪಟ್ಟರು, ಇನ್ನೊಬ್ಬರು ಮುಕ್ಕಾಲು ತಾಸು ಕಣ್ಣೀರಿಟ್ಟರು. ಊರವರು ಎರಡಕ್ಕೂ ಚಪ್ಪಾಳೆ ಹೊಡೆದರು. ಅತಿಥಿಗಳನ್ನು ನೋಯಿಸುವ ಊರಲ್ಲ ಅದು.

ಶಾಲು ಹೊದಿಸಿ, ಹಾರ ಹಾಕಿ, ಫೋಟೋಕ್ಕೆ ನಗಿರೆಂದು ಹೇಳುವಷ್ಟರಲ್ಲಿ ಗುಂಡವ್ವ ಕೈ ಚಾಚಿ ಮೈಕು ಹಿಡಿದಳು.

"ಈ ಕಲ್ಲಿನ ಮ್ಯಾಲಿನ ಮಾತ ನಂದಲ್ರಿ," ಎಂದಳು. "ನಾ ಅಂದಿಲ್ಲ. ಅಳಸ್ರಿ ಅದನ್ನ."

ಸಭೆ ಗಪ್ಪಾಯಿತು. ಆದರೆ ವಿದ್ವಾಂಸರು ಇರುವ ಕಡೆ ಮೌನ ಬಹಳ ಹೊತ್ತು ಉಳಿಯುವುದಿಲ್ಲ. ಪ್ರೊಫೆಸರ್ ಶ್ರೀವಲ್ಲಭ ಎದ್ದು, "ಇದು ಚಾರಿತ್ರಿಕ ಗಳಿಗೆ. ಐವತ್ತು ವರ್ಷಗಳ ಪ್ರಜ್ಞೆಯ ಬೆಳವಣಿಗೆಯಿಂದ ಮಾಹಿತಿದಾರಳು ಇಂದು ತನ್ನ ಹೇಳಿಕೆಯನ್ನು ತಾನೇ ನಿರಾಕರಿಸುತ್ತಿದ್ದಾಳೆ. ಗುರುಗಳ ಸಿದ್ಧಾಂತ ಸತ್ಯವಾಗಿತ್ತು, ಆದ್ದರಿಂದಲೇ ಅದನ್ನು ನಿರಾಕರಿಸಲು ಸಾಧ್ಯವಾಯಿತು," ಎಂದರು. ಇಂಡಿಯವರು, ಮೊಮ್ಮಗಳು ಹೇಳಿಕೊಟ್ಟು ಆಡಿಸುತ್ತಿದ್ದಾಳೆ ಎಂದರು. ಸಿಂದಗಿಯವರು, ಹೇಳಿಕೊಟ್ಟರೇನು, ಎಚ್ಚರವಾದರೆ ಸಾಕು ಎಂದರು. ಅವಳು ಮೊದಲೇ ಎಚ್ಚರ ಇದ್ದಿರಬಹುದು ಎಂಬುದು ಒಂಬತ್ತು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಹಂಗಾರ ಏನಂದಿದ್ರಿ ಅಮ್ಮಾ ಆವಾಗ?" ಎಂದು ಟಿವಿಯವನೊಬ್ಬ ಮೈಕು ಚಾಚಿದ.

ಗುಂಡವ್ವನ ಬಾಯಿ ತೆರೆಯಿತು. ರೇಷನ್ ಅಂಗಡಿಯನ್ನು ನಡುಗಿಸಿದ ಬಾಯಿ. ಅದರೊಳಗಿಂದ ಏನೂ ಬರಲಿಲ್ಲ. ಜನ ಮೊದಲು ಕಾದರು, ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ 'ಹದಿನೇಳನೆಯವಳ ಯೂಟರ್ನ್' ಎಂಬ ಸುದ್ದಿ ಓಡಾಡಿತು. ಸಂಘಮಿತ್ರಾಳ ಕಾಲೇಜಿನಿಂದ ಫೋನು ಬಂತು: ಅಜ್ಜಿಗೆ ಹೇಳಿಕೊಟ್ಟದ್ದು ನಿಜವೇ, ಸೋಮವಾರ ಬರೆದು ಕೊಡಬೇಕು. ಕಲ್ಲು ಅಗಸಿಯಲ್ಲಿ ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಅದಕ್ಕೊಂದೇ ಆ ದಿನ ನಿಜವಾದ ಸಮಾಧಾನ.

ವಾಡೆಯಲ್ಲಿ ಅತಿಥಿಗಳ ಊಟದ ಪಂಕ್ತಿ ಎದ್ದ ಮೇಲೆ ರಂಗೂಬಾಯಿ ಮಗನನ್ನು ಒಳಗೆ ಕರೆದರು.

"ಶ್ರೀ, ಆಕಿ ಹಂಗ ಅಂದಿರಲಿಲ್ಲ."

"ಯಾರು?"

"ಗುಂಡವ್ವ. ನಾನ ಅಲ್ಲೇನು ನಡುವ ಕೂತು ಹೇಳಿದಾಕಿ? ಆಕಿ ಅಂದದ್ದು ಒಂದು, ನಾ ಹೇಳಿದ್ದು ಒಂದು."

ಶ್ರೀವಲ್ಲಭ ತಾಯಿಯ ಮುಖ ನೋಡಿದರು. "ಅವ್ವಾ, ನಿನಗೂ ಎಪ್ಪತ್ತಕ್ಕ ಬಂತು. ನೆನಪು ಅನ್ನೋದು—"

"ನೆನಪು ಡೇಟಾ ಅಲ್ಲ, ನಿನ್ನೆ ಕೇಳಿಸ್ಕೊಂಡೆ," ಎಂದರು ರಂಗೂಬಾಯಿ. "ನಾ ಬಾಯಿಲೆ ಹೇಳಿದ್ದನ್ನ ಅವರು ಬರಕೊಂಡ ಮ್ಯಾಲೆ ಅದು ಡೇಟಾ ಆತು. ಅದಕ್ಕ ಮೊದಲು ಅದು ನನ್ನ ಸುಳ್ಳಾಗಿತ್ತು."

ಆಗ ಫೋನು ಬಡಿದುಕೊಂಡಿತು. ಬೆಂಗಳೂರಿನ ಚಾನೆಲ್ಲಿನವರಿಗೆ ಈಗಲೇ ಚರ್ಚೆಗೆ ಅವರು ಬೇಕಾಗಿತ್ತು. "ಆಮೇಲೆ ಮಾತಾಡೋಣ ಅವ್ವಾ," ಎಂದು ಪ್ರೊಫೆಸರರು ಹೊರಗೆ ಹೋದರು. ದೇಶಕ್ಕೆ ಅಷ್ಟು ಅವಸರವಿತ್ತು.

ರಂಗೂಬಾಯಿ ದೇವರಮನೆಯಲ್ಲಿ ವಿಠ್ಠಲನ ಮುಂದೆ ಕುಳಿತರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ದೇವರಿಗೆ ಎಲ್ಲವನ್ನೂ ಹೇಳಿದ್ದರು. ಅತ್ತೆ ಕಾಡಿದ್ದು, ಗಂಡ ಹೋದದ್ದು, ಏಕಾದಶಿಯ ದಿನ ಮರೆತು ಒಂದು ಹಿಡಿ ಚುರುಮುರಿ ತಿಂದದ್ದು ಕೂಡ. ಇದೊಂದನ್ನು ಹೇಳಿರಲಿಲ್ಲ. ಹೇಳುವಂಥದು ಎಂದು ಅನ್ನಿಸಿರಲೇ ಇಲ್ಲ. ಹತ್ತೊಂಬತ್ತು ವರ್ಷದ ಸೊಸೆ, ವಾಡೆಯ ಕಟ್ಟೆಯ ಮೇಲೆ ಡಾಕ್ಟರ್ ಕನಕಲತಾ ಅವರ ಪಕ್ಕದಲ್ಲಿ ಚಾಪೆ. ಬಾಗಿಲ ಮರೆಯಲ್ಲಿ ಹೂಬತ್ತಿ ಹೊಸೆಯುತ್ತ ಅತ್ತೆ. ಅಂಗಳದ ಬಿಸಿಲಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ ಗುಂಡವ್ವ. ಬಾವಿಯಿಂದ ಅಷ್ಟು ದೂರ ನಿಲ್ಲುವುದು ನಿಮಗೆ ಒಪ್ಪಿಗೆಯೇ ಎಂದು ಡಾಕ್ಟರು ಕೇಳಿದ್ದರು. ಗುಂಡವ್ವ ಹೇಳಿದ್ದು ಮೈಸೂರಿನ ಕಿವಿಗೆ ತಿಳಿಯಲಿಲ್ಲ. "ಏನಂದರು?" ಎಂದು ಅವರು ಈ ಕಡೆ ತಿರುಗಿದರು. ಬಾಗಿಲ ಮರೆಯ ಬಳೆಗಳು ಒಮ್ಮೆ ಝಣ್ಣೆಂದವು. "ತಮ್ಮ ಪಾಲಿಗೆ ಬಂದದ್ದರಾಗ ಸಮಾಧಾನ ಅದ ಅಂತಾರ್ರಿ," ಎಂದಿದ್ದರು ರಂಗೂಬಾಯಿ. ಪಾಪ, ಡಾಕ್ಟರ ಕಣ್ಣಲ್ಲಿ ನೀರು ಬಂದಿತ್ತು. ಇಡೀ ದೇಶದ ಜಾತಿಶಾಸ್ತ್ರ ಆಮೇಲೆ ಆ ನೀರಿನಲ್ಲಿಯೇ ಈಜಿತು.

ಮಗನ ಮೇಜಿನಿಂದ ಒಂದು ಬಿಳಿ ಹಾಳೆ ತಂದು, ಮಣೆಯ ಮೇಲಿಟ್ಟುಕೊಂಡು, ರಂಗೂಬಾಯಿ ಬರೆಯತೊಡಗಿದರು. ಮಾತು ಹುಡುಕಬೇಕಾಗಲಿಲ್ಲ. ಅದು ಅಷ್ಟೂ ವರ್ಷ ಒಳಗೇ ಕುಳಿತಿತ್ತು, ಒಂದಕ್ಷರ ಸವೆಯದೆ.

'ಒಪ್ಪಿಗಿ ಯಾರ ಕೇಳ್ಯಾರ್ರಿ? ನೀವ ಮೊದಲನೇದಾವ್ರು. ಖರೇನ ಕೇಳೂದಿದ್ರ ಕಟ್ಟಿ ಮ್ಯಾಲ ನೆಳ್ಳಾಗ ಕುಂಡ್ರಿಸಿ ಕೇಳ್ರಿ. ಬಿಸಲಾಗ ನಿಂದ್ರಿಸಿ ಕೇಳಿದ್ರ ಯಾರರೆ ಹೂಂ ಅಂತಾರ.'

ಕೆಳಗೆ ಬರೆದರು: 'ಇದು ಗುಂಡವ್ವ ಹೇಳಿದ ಮಾತು. ಸಮಾಧಾನ ಎಂಬುದು ನಾನು ಸೇರಿಸಿದ್ದು. ಅತ್ತೆಯವರ ಅಂಜಿಕೆಯಿಂದ ಹಾಗೆ ಹೇಳಿದೆ. ಪುಸ್ತಕ ಬರೆದವರದು ತಪ್ಪಿಲ್ಲ. ಅವರು ಕೇಳಿದ್ದನ್ನೇ ಬರೆದರು. ಯಾರನ್ನು ಕೇಳಬೇಕಿತ್ತೋ ಅವರನ್ನು ಮಾತ್ರ ಬಿಟ್ಟು ನನ್ನನ್ನು ಕೇಳಿದರು.' ತಾರೀಖು ಹಾಕಿ, ಪೂರ್ಣ ಹೆಸರಿನ ಸಹಿ ಮಾಡಿದರು. ಹಾಳೆಯನ್ನು ನಾಲ್ಕು ಮಡಿಕೆ ಮಡಚಿದರು.

ಪಡಸಾಲೆಯಲ್ಲಿ ಮಗ ಲ್ಯಾಪ್‌ಟಾಪಿನೊಳಗಿನ ಮೂರು ಮುಖಗಳ ಜೊತೆ ಏರುದನಿಯಲ್ಲಿ ವಾದಿಸುತ್ತಿದ್ದರು. ರಂಗೂಬಾಯಿ ಅವರ ಹಿಂದಿನಿಂದಲೇ ಹಾದು ಹೋದರು. ಚರ್ಚೆಗೆ ಅಡ್ಡಿಯಾಗಲಿಲ್ಲ.

ಕೇರಿಯ ಓಣಿಯಲ್ಲಿ ಅವರನ್ನು ಕಂಡ ಹೆಂಗಸರು ಮಾತು ನಿಲ್ಲಿಸಿದರು. ವಾಡೆಯಿಂದ ಅಲ್ಲಿಗೆ ಮುನ್ನೂರು ಹೆಜ್ಜೆಯೂ ಇಲ್ಲ. ಐವತ್ತು ವರ್ಷದಲ್ಲಿ ಅವರು ನಡೆದು ಬಂದದ್ದು ಇದೇ ಮೊದಲು. ಗುಂಡವ್ವ ಬಾಗಿಲಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದಳು. ಹಾರ ಗೂಟಕ್ಕೆ ಜೋತು ಬಿದ್ದಿತ್ತು. ಒಳಗೆ ಸಂಘಮಿತ್ರಾ ಕಾಲೇಜಿಗೆ ಕೊಡಬೇಕಾದ ಉತ್ತರದ ಮೊದಲ ಸಾಲನ್ನು ನಾಲ್ಕನೆಯ ಸಲ ಹೊಡೆದು ಹಾಕುತ್ತಿದ್ದಳು.

"ರಂಗೂಬಾಯಾರ?" ಗುಂಡವ್ವ ಮೊರ ಬದಿಗಿಟ್ಟಳು. "ಹೇಳಿ ಕಳಿಸಿದ್ರ ನಾನ ಬರ್ತಿದ್ನೆಲ್ರಿ."

"ಇದಕ್ಕ ನಾನ ಬರಬೇಕಿತ್ತು."

"ಏನ ಕೆಲಸ ಇತ್ರಿ?"

ರಂಗೂಬಾಯಿ ಸೆರಗಿನ ಗಂಟು ಬಿಚ್ಚಿದರು. "ಓದಲಿಕ್ಕೆ ನಿನ್ನ ಮೊಮ್ಮಗಳದಾಳ. ಕಾಲೇಜಿಗೆ ಕೊಡ್ಲಿ, ಪೇಪರಿನವರಿಗೆ ಕೊಡ್ಲಿ, ಸೋಮನಿಂಗಗ ಕೊಟ್ಟು ಕಲ್ಲು ತಿದ್ದಸ್ಲಿ. ಕೆಳಗ ನಾ ಸಹಿ ಹಾಕೀನಿ." ನಾಲ್ಕು ಮಡಿಕೆಯ ಹಾಳೆಯನ್ನು ಮುಂದೆ ಹಿಡಿದರು. "ಇದು ನಿಂದು ಗುಂಡವ್ವ. ಇಷ್ಟ ದಿನ ನನ್ನ ಹತ್ರ ಉಳಕೊಂಡಿತ್ತು."

ಗುಂಡವ್ವ ಬೇಳೆಯ ಧೂಳು ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಅದನ್ನು ತೆಗೆದುಕೊಂಡಳು.